ಕಲೆಸಿದರೂ ಕಲೆಯದ ಎಲೆಗಳು

ಹೊಸ ಇಸ್ಪೀಟು ಕಟ್ಟೊಂದನ್ನು ಬಿಚ್ಚಿ, ಜೋಕರುಗಳನ್ನು ಪಕ್ಕಕ್ಕಿಟ್ಟು, ಉಳಿದ 52 ಎಲೆಗಳನ್ನು ಸರಿಯಾಗಿ 26-26ರಂತೆ ಎರಡು ಪಾಲು ಮಾಡಬೇಕು. ಎರಡು ಪಾಲುಗಳ ಅಂಚನ್ನು ಒಂದಕ್ಕೊಂದು ಒತ್ತಿ, ಎರಡು ಕೈಗಳ ಬೆರಳು ಹೆಣೆದ ಹಾಗೆ, ಅದರದೊಂದು ಇದರದೊಂದು ಎಲೆ ಬರುವಂತೆ ಹೊಂದಿಸಬೇಕು. ಮೊದಲು ಮೇಲಿದ್ದ ಎಲೆ ಆಮೇಲೂ ಮೇಲೆಯೇ ಇರಬೇಕು. ಎಲ್ಲೂ ಒಂದು ಎಲೆಯೂ ತಪ್ಪದಂತೆ ಇದನ್ನೇ ಎಂಟು ಸಲ ಮಾಡಿ ಕಟ್ಟನ್ನು ಹರಡಿದರೆ, ಎಲ್ಲ ಎಲೆಗಳೂ ಅಂಗಡಿಯಿಂದ ತಂದಾಗ ಇದ್ದ ಕ್ರಮಕ್ಕೇ ಬಂದು ನಿಂತಿರುತ್ತವೆ.

ನೋಡುವವರ ಕಣ್ಣಿಗೆ ಕಟ್ಟು ಎಂಟು ಸಲ ಕಲೆತಿದೆ. ಲೆಕ್ಕದ ಕಣ್ಣಿಗೆ ಏನೂ ಆಗಿಲ್ಲ. ಜಾದೂಗಾರರ ಹೊಟ್ಟೆಪಾಡು ನಡೆಯುವುದು ಈ ಎರಡರ ನಡುವಿನ ಜಾಗದಲ್ಲಿ. ಆ ಜಾಗದಲ್ಲಿ ಒಂದು ಅಚ್ಚುಕಟ್ಟಾದ ಪ್ರೋಗ್ರಾಂ ಬರೆಯಬಹುದು ಎಂದು 1957ರಲ್ಲಿ ತೋರಿಸಿಕೊಟ್ಟವರು ಸ್ಕಾಟ್ಲೆಂಡಿನ ಅಲೆಕ್ಸ್ ಎಲ್ಮ್‌ಸ್ಲಿ.

ಜೂಜುಕಟ್ಟೆಯ ವಿದ್ಯೆ

ಎಲೆಗಳನ್ನು ಹೀಗೆ ಹೆಣೆಯುವುದು ಎಲ್ಮ್‌ಸ್ಲಿ ಅವರ ಹೊಸ ವಿದ್ಯೆಯೇನಲ್ಲ. 1726ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಜೂಜುಕೋರರ ಮೋಸಗಳನ್ನು ಬಯಲಿಗೆಳೆಯುವ ಪುಸ್ತಕವೊಂದರಲ್ಲೇ ಇದರ ಸುಳಿವಿದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಜೂಜುಕಟ್ಟೆಗಳಲ್ಲಿ ಫ್ಯಾರೊ ಎಂಬ ಆಟದ್ದೇ ಕಾರುಬಾರು. ಅದನ್ನು ಆಡಿಸುವವರ ಕೈಯಲ್ಲಿ ಪಳಗಿದ್ದರಿಂದ ಇದಕ್ಕೆ ಫ್ಯಾರೊ ಶಫಲ್ ಎಂಬ ಹೆಸರು ಅಂಟಿಕೊಂಡಿತು. ಇಂಗ್ಲೆಂಡಿನ ಹೆಸರಾಂತ ಜಾದೂಗಾರ ಜಾನ್ ನೆವಿಲ್ ಮಾಸ್ಕಲೈನ್ 1894ರಲ್ಲಿ ಬರೆದ 'ಶಾರ್ಪ್ಸ್ ಅಂಡ್ ಫ್ಲ್ಯಾಟ್ಸ್' ಪುಸ್ತಕದಲ್ಲಿ ಅದನ್ನು ವಿವರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಕೋಳಿ ಸಾಕುತ್ತ, ರೇಡಿಯೊ ಕಟ್ಟುತ್ತ, ಬಿಡುವಿನಲ್ಲಿ ಇಸ್ಪೀಟಿನ ಚಮತ್ಕಾರಗಳನ್ನು ಹೊಸೆಯುತ್ತಿದ್ದ ಚಾರ್ಲ್ಸ್ ಜೋರ್ಡನ್ 1919ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಮೋಸಗಾರರ ಕೈಯಿಂದ ಜಾದೂಗಾರರ ಕೈಗೆ ದಾಟಿತು.

ಕೈಗೆ ಒಲಿಯುವುದು ಮಾತ್ರ ಸುಲಭವಲ್ಲ. ಕಟ್ಟನ್ನು ಸರಿಯಾಗಿ 26ನೇ ಎಲೆಯ ಕೆಳಗೆ ಮುರಿಯಲು ಬೆರಳಿಗೆ ದಪ್ಪದ ಅಂದಾಜು ಇರಬೇಕು. ಕಾರ್ಖಾನೆಯಲ್ಲಿ ಹಾಳೆಯಿಂದ ಎಲೆಗಳನ್ನು ಕತ್ತರಿಸುವಾಗ ಅಂಚಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಓರೆ ಬಂದಿರುತ್ತದೆ. ಅದರಿಂದಾಗಿ ಎಲೆಗಳು ಒಂದು ದಿಕ್ಕಿನಿಂದ ಸಲೀಸಾಗಿ ಹೆಣೆದುಕೊಳ್ಳುತ್ತವೆ, ಇನ್ನೊಂದು ದಿಕ್ಕಿನಿಂದ ಮೊಂಡು ಹಿಡಿಯುತ್ತವೆ. ಪಳಗಿದವರು ಹೊಸ ಕಟ್ಟು ಕೈಗೆ ಬಂದೊಡನೆ ಮೊದಲು ಪರೀಕ್ಷಿಸುವುದು ಈ ಓರೆಯನ್ನೇ.

ಎಲ್ಮ್‌ಸ್ಲಿಗಿಂತ ಮೊದಲಿನ ಜಾದೂಗಾರರಿಗೆ ಗೊತ್ತಿದ್ದದ್ದು ಫಲಿತಾಂಶಗಳು: ಇಷ್ಟು ಸಲ ಕಲೆಸಿದರೆ ಕಟ್ಟು ಮೊದಲಿನಂತಾಗುತ್ತದೆ, ಇಂಥ ಎಲೆ ಇಂಥ ಕಡೆ ಹೋಗುತ್ತದೆ. ಅದನ್ನು ಕೋಷ್ಟಕ ಹಾಕಿ ಬಾಯಿಪಾಠ ಮಾಡುತ್ತಿದ್ದರು. ಬೇಕಾದ ಪರಿಣಾಮವನ್ನು ಮೊದಲು ಹೇಳಿ, ಅದಕ್ಕೆ ತಕ್ಕ ಹೆಜ್ಜೆಗಳನ್ನು ಲೆಕ್ಕದಿಂದ ಕಟ್ಟುವ ದಾರಿ ಇರಲಿಲ್ಲ.

ಎರಡೇ ಆದೇಶಗಳ ಭಾಷೆ

ಎಲ್ಮ್‌ಸ್ಲಿ ಹುಟ್ಟಿದ್ದು 1929ರಲ್ಲಿ. ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ, ಗಣಿತ ಓದಿದರು. ಅಲ್ಲಿನ ವಿದ್ಯಾರ್ಥಿಗಳ ಜಾದೂ ಕೂಟವಾದ ಪೆಂಟಕಲ್ ಕ್ಲಬ್ಬಿನಲ್ಲಿ ಓಡಾಡಿಕೊಂಡಿದ್ದರು. ಮುಂದೆ ಕಂಪ್ಯೂಟರ್ ಕ್ಷೇತ್ರದಲ್ಲೇ ಉದ್ಯೋಗ ಹಿಡಿದರು. ಜಾದೂ ಲೋಕದಲ್ಲಿ ಅವರ ಹೆಸರು ಇವತ್ತಿಗೂ ಓಡುವುದು 'ಎಲ್ಮ್‌ಸ್ಲಿ ಕೌಂಟ್'ನಿಂದ. ನಾಲ್ಕು ಎಲೆಗಳನ್ನು ಒಂದೊಂದಾಗಿ ಎಣಿಸಿ ತೋರಿಸುವಂತೆ ಕಂಡರೂ ಒಂದು ಎಲೆಯ ಮುಖವನ್ನು ತೋರಿಸದೆ ದಾಟಿಸುವ ಕೈಚಳಕ ಅದು.

ಶಫಲ್ ವಿಷಯದಲ್ಲಿ ಅವರು ಹಿಡಿದ ಪ್ರಶ್ನೆ ಸರಳ: ಕಟ್ಟಿನ ಮೇಲಿರುವ ಎಲೆಯನ್ನು, ಕೇಳಿದ ಯಾವ ಜಾಗಕ್ಕಾದರೂ ಕಲೆಸುತ್ತಲೇ ಕಳಿಸುವುದು ಹೇಗೆ?

ತಪ್ಪಿಲ್ಲದೆ ಹೆಣೆಯುವುದಕ್ಕೆ ಎರಡೇ ಬಗೆ. ಮೇಲಿನ ಎಲೆ ಮೇಲೆಯೇ ಉಳಿದರೆ ಅದು ಔಟ್ ಶಫಲ್. ಇನ್ನೊಂದು ಪಾಲಿನ ಎಲೆ ಅದರ ತಲೆಯ ಮೇಲೆ ಕೂತು, ಇದು ಎರಡನೆಯದಾಗಿ ಒಳಸರಿದರೆ ಇನ್ ಶಫಲ್. ಹೆಸರಿಟ್ಟವರು ಎಲ್ಮ್‌ಸ್ಲಿಯವರೇ.

ಈಗ ಒಂದು ಎಲೆಯನ್ನು ಹಿಂಬಾಲಿಸೋಣ. ಅದರ ಜಾಗವನ್ನು ಒಂದು, ಎರಡು ಎಂದು ಎಣಿಸುವ ಬದಲು, ಅದರ ಮೇಲೆ ಎಷ್ಟು ಎಲೆಗಳಿವೆ ಎಂದು ಎಣಿಸಬೇಕು. ಎಲ್ಲಕ್ಕಿಂತ ಮೇಲಿನದಕ್ಕೆ ಸೊನ್ನೆ. ಪ್ರೋಗ್ರಾಂ ಬರೆಯುವವರಿಗೆ ಸೊನ್ನೆಯಿಂದ ಎಣಿಸುವುದು ರೂಢಿಯೇ. ಮೇಲಿನ ಪಾಲಿನಲ್ಲಿರುವ ಎಲೆಯ ಮೇಲೆ 3 ಎಲೆಗಳಿವೆ ಎನ್ನಿ. ಔಟ್ ಶಫಲ್ ಮಾಡಿದರೆ ಆ ಮೂರರ ಜೊತೆಗೆ ಇನ್ನೊಂದು ಪಾಲಿನ ಮೂರು ಬಂದು ಸೇರುತ್ತವೆ: ಒಟ್ಟು 6. ಇನ್ ಶಫಲ್ ಮಾಡಿದರೆ ಆ ಪಾಲಿನದು ಒಂದು ಹೆಚ್ಚಿಗೆ ಬರುತ್ತದೆ: 7. ಅಂದರೆ ಔಟ್ ಎಂದರೆ 'ಎರಡರಿಂದ ಗುಣಿಸು', ಇನ್ ಎಂದರೆ 'ಎರಡರಿಂದ ಗುಣಿಸಿ ಒಂದು ಕೂಡು'.

ಎರಡರಿಂದ ಗುಣಿಸುವುದು, ಬೇಕಾದರೆ ಒಂದು ಕೂಡುವುದು: ಸೊನ್ನೆ ಮತ್ತು ಒಂದನ್ನಷ್ಟೇ ಬಳಸಿ ಸಂಖ್ಯೆಗಳನ್ನು ಬರೆಯುವ ದ್ವಿಮಾನ ಪದ್ಧತಿ ನಿಂತಿರುವುದು ಇದರ ಮೇಲೆಯೇ. ಹಾಗಾಗಿ ಉತ್ತರ ಹುಡುಕುವ ಕೆಲಸವೇ ಇಲ್ಲ. ಮೇಲಿನ ಎಲೆಯ ಮೇಲೆ 13 ಎಲೆಗಳು ಬರಬೇಕೆ? ದ್ವಿಮಾನದಲ್ಲಿ 13 ಎಂದರೆ 1101. ಒಂದಿದ್ದಲ್ಲಿ ಇನ್, ಸೊನ್ನೆ ಇದ್ದಲ್ಲಿ ಔಟ್: ಇನ್, ಇನ್, ಔಟ್, ಇನ್. ಎಲೆ 0ಯಿಂದ 1ಕ್ಕೆ, ಅಲ್ಲಿಂದ 3ಕ್ಕೆ, 6ಕ್ಕೆ, ಕೊನೆಗೆ 13ಕ್ಕೆ ಬರುತ್ತದೆ. 52 ಎಲೆಗಳ ಕಟ್ಟಿನಲ್ಲಿ ಯಾವ ಜಾಗಕ್ಕೂ ಆರು ಶಫಲ್ ಸಾಕು.

ಪೀಟರ್ ವಾರ್ಲಾಕ್ ಸಂಪಾದಕರಾಗಿದ್ದ 'ಪೆಂಟಗ್ರಾಮ್' ಎಂಬ ಜಾದೂ ಪತ್ರಿಕೆಯಲ್ಲಿ ಇದು 1957ರಲ್ಲಿ ಅಚ್ಚಾಯಿತು.

ಇಲ್ಲಿ ಗಮನಿಸಬೇಕಾದದ್ದು ಈ ವಿಧಾನದ ರಚನೆ. ಕಟ್ಟು ಒಂದು ಸ್ಮೃತಿಕೋಶ, ಅಂದರೆ ಮೆಮೊರಿ. ಅದರ ಮೇಲೆ ನಡೆಯುವ ಆದೇಶಗಳು ಎರಡೇ. ಯಾವ ಆದೇಶ ಯಾವಾಗ ಎಂಬುದು ಬೇರೆ ಎಲ್ಲೂ ಬರೆದಿಲ್ಲ, ಪ್ರೇಕ್ಷಕ ಬಾಯಲ್ಲಿ ಹೇಳಿದ ಸಂಖ್ಯೆಯೊಳಗೇ ಇದೆ. ಅವನು ವಿಳಾಸ ಕೊಡುತ್ತಾನೆ, ಆ ವಿಳಾಸವೇ ಪ್ರೋಗ್ರಾಂ ಆಗಿ ಓಡುತ್ತದೆ. 1949ರ ಮೇ 6ರಂದು ಕೇಂಬ್ರಿಜ್‌ನಲ್ಲಿ ಮೊದಲ ಪ್ರೋಗ್ರಾಂ ಓಡಿಸಿದ ಎಡ್ಸಾಕ್ ಯಂತ್ರದ ವಿಶೇಷವೂ ಇದಕ್ಕೆ ಹತ್ತಿರದ್ದು: ಅದರ ಮೆಮೊರಿಯಲ್ಲಿ ಲೆಕ್ಕದ ಅಂಕಿಗಳೂ ಆದೇಶಗಳೂ ಒಂದೇ ರೂಪದಲ್ಲಿ ಅಕ್ಕಪಕ್ಕ ಕೂತಿದ್ದವು. ಎಲ್ಮ್‌ಸ್ಲಿಯವರ ಕಟ್ಟಿನಲ್ಲಿ ಯಂತ್ರದ ಕೆಲಸವನ್ನು ಎರಡು ಕೈಗಳು ಮಾಡುತ್ತವೆ.

ಶಾಲೆಯಲ್ಲಿ ಲಘು-ಗುರು ಹಾಕಿ ಗಣ ವಿಂಗಡಿಸಿದವರಿಗೆ ಈ ಲೆಕ್ಕ ತೀರಾ ಹೊಸದಲ್ಲ. ಸಂಖ್ಯೆಯೊಂದನ್ನು ಎರಡೇ ಗುರುತುಗಳ ಸಾಲಾಗಿ ಬಿಡಿಸುವ ವಿಧಾನ ಎರಡು ಸಾವಿರ ವರ್ಷಕ್ಕೂ ಹಿಂದಿನ ಪಿಂಗಳನ ಛಂದಸ್ಸೂತ್ರದಲ್ಲಿದೆ. ಹೆಸರು 'ನಷ್ಟ'. ನಮ್ಮ ಒಂದನೇ ನಾಗವರ್ಮನ 'ಛಂದೋಂಬುಧಿ'ಯಲ್ಲೂ ಷಟ್ಪ್ರತ್ಯಯಗಳ ಭಾಗವಿದೆ, ನಷ್ಟ ಆ ಆರರಲ್ಲೊಂದು. ಮೂರಕ್ಷರದ ಎಂಟು ಗಣಗಳ ಪಟ್ಟಿಯಲ್ಲಿ ಆರನೆಯದು ಯಾವುದು? 6 ಸಮಸಂಖ್ಯೆ, ಲಘು ಬರೆ. ಅರ್ಧ ಮಾಡಿದರೆ 3. ಅದು ಬೆಸ, ಗುರು ಬರೆ. ಒಂದು ಕೂಡಿ ಅರ್ಧ ಮಾಡಿದರೆ 2. ಅದು ಸಮ, ಲಘು ಬರೆ. ಲಘು-ಗುರು-ಲಘು, ಅಂದರೆ ಜಗಣ. ಎಲ್ಮ್‌ಸ್ಲಿಯವರ 13ನ್ನೂ ಹೀಗೇ ಅರ್ಧ ಮಾಡುತ್ತ ಹೋಗಬಹುದು: ಬೆಸ ಬಂದಲ್ಲಿ ಇನ್ ಎಂದು ಬರೆದು ಒಂದು ಕಳೆದು ಅರ್ಧ ಮಾಡುವುದು, ಸಮ ಬಂದಲ್ಲಿ ಔಟ್ ಎಂದು ಬರೆದು ಅರ್ಧ ಮಾಡುವುದು, ಕೊನೆಗೆ ಸಾಲನ್ನು ಹಿಂದಿನಿಂದ ಮುಂದಕ್ಕೆ ಓದುವುದು. ಪಿಂಗಳನಿಗೂ ಎಲ್ಮ್‌ಸ್ಲಿಗೂ ಸಂಬಂಧವಿಲ್ಲ. ಎರಡೇ ಆಯ್ಕೆಗಳಿರುವ ಹೆಜ್ಜೆಗಳನ್ನು ಸಾಲಾಗಿ ಜೋಡಿಸುವವರು ಯಾರೇ ಆದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ.

ಒರಟು ಕೈಯನ್ನೂ ತಾಳುವ ಪ್ರೋಗ್ರಾಂ

ಎಲ್ಮ್‌ಸ್ಲಿಯವರ ವಿಧಾನಕ್ಕೆ ತಪ್ಪದ ಕೈ ಬೇಕು. ಮರುವರ್ಷ, 1958ರಲ್ಲಿ, ಅಮೆರಿಕದ ನಾರ್ಮನ್ ಗಿಲ್‌ಬ್ರೆತ್ ಇದಕ್ಕೆ ತದ್ವಿರುದ್ಧವಾದದ್ದನ್ನು ಪ್ರಕಟಿಸಿದರು. ಮನೆಯಲ್ಲೇ ಮಾಡಿ ನೋಡಬಹುದು. ಎಲೆಗಳನ್ನು ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಜೋಡಿಸಿಡಿ. ಸುಮಾರು ಅರ್ಧದಷ್ಟನ್ನು ಒಂದೊಂದಾಗಿ ಮೇಜಿನ ಮೇಲೆ ಒಂದರ ಮೇಲೊಂದು ಹಾಕುತ್ತ ಬನ್ನಿ. ಈಗ ಆ ಗುಡ್ಡೆಯನ್ನೂ ಕೈಯಲ್ಲಿ ಉಳಿದದ್ದನ್ನೂ ಯಾರಾದರೂ ಒಂದು ಸಲ ಎರಡೂ ಕಡೆಯಿಂದ ಸುರಿಸಿ ಕಲೆಸಲಿ, ಎಷ್ಟು ಒರಟಾಗಿ ಬೇಕಾದರೂ. ಆಮೇಲೆ ಮೇಲಿನಿಂದ ಎರಡೆರಡು ಎಲೆ ತೆಗೆಯುತ್ತ ಹೋದರೆ, ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು.

ಎಲೆಗಳು ಯಾವ ಕ್ರಮದಲ್ಲಿ ಬಿದ್ದವು ಎಂಬುದು ಜಾದೂಗಾರನಿಗೂ ಗೊತ್ತಿಲ್ಲ. ಏನು ಮಾಡಿದರೂ ಕೆಡದ ಒಂದು ಗುಣ ಕಟ್ಟಿನಲ್ಲಿ ಉಳಿದಿದೆ ಎಂಬುದಷ್ಟೇ ಗೊತ್ತು. ಒಳ್ಳೆಯ ಪ್ರೋಗ್ರಾಮರ್ ಬಳಕೆದಾರನ ಬಗ್ಗೆ ಯೋಚಿಸುವ ರೀತಿಯೂ ಇದೇ: ಅವನು ಏನು ಒತ್ತುತ್ತಾನೋ ಹೇಳಲಾಗದು, ಆದರೆ ಏನು ಒತ್ತಿದರೂ ಇಂತಿಂಥದ್ದು ಕೆಡಬಾರದು.

ಹಾಗಿದ್ದರೆ ಎಲೆಗಳು ನಿಜವಾಗಿ ಕಲೆಯುವುದು ಯಾವಾಗ? ಅದಕ್ಕೆ 1992ರಲ್ಲಿ ಲೆಕ್ಕ ಕೊಟ್ಟವರು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್: ಸಾಮಾನ್ಯರ ಕೈಯಲ್ಲಿ ಸುಮಾರು ಏಳು ಸಲ. ಆ ಲೆಕ್ಕದಲ್ಲಿ ಕಲೆಸುವ ಕೆಲಸ ಮಾಡುವುದು ಕೈಯ ತಪ್ಪುಗಳೇ. ಎಲ್ಲೋ ಎರಡು ಎಲೆ ಒಟ್ಟಿಗೆ ಬೀಳುತ್ತವೆ, ಎಲ್ಲೋ ಪಾಲು 24-28 ಆಗುತ್ತದೆ. ತಪ್ಪೇ ಇಲ್ಲದ ಕೈ ಎಷ್ಟು ಕಲೆಸಿದರೂ ಕಟ್ಟಿನೊಳಗಿನ ಸುದ್ದಿ ಒಂದಿಷ್ಟೂ ಅಳಿಯುವುದಿಲ್ಲ.

ಹಿಂದಕ್ಕೆ ಓಡಿಸುವ ಲೆಕ್ಕ

ಎಲ್ಮ್‌ಸ್ಲಿಯವರ ಮುಂದೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಮೇಲಿನ ಎಲೆಯನ್ನು ಒಳಗೆ ಕಳಿಸುವುದೇನೋ ಆಯಿತು. ಒಳಗಿರುವ ಎಲೆಯನ್ನು ಮೇಲಕ್ಕೆ ತರುವುದು ಹೇಗೆ? ಜಾದೂಗಾರನಿಗೆ ಹೆಚ್ಚು ಬೇಕಾದದ್ದು ಇದೇ.

ಎಂಟು ಎಲೆಗಳಲ್ಲಿ ಇದು ಸುಲಭ. ಮೇಲಿನಿಂದ ಕೆಳಕ್ಕೆ ಎಕ್ಕ, 2, 3, 4, 5, 6, 7, 8 ಎಂದು ಜೋಡಿಸಿಡಿ. ಮೇಲೆ ಬರಬೇಕಾದದ್ದು 6. ಅದರ ಮೇಲೆ ಐದು ಎಲೆಗಳಿವೆ. ದ್ವಿಮಾನದಲ್ಲಿ 5 ಎಂದರೆ 101: ಇನ್, ಔಟ್, ಇನ್. ಮೊದಲ ಶಫಲ್ ಆದ ಮೇಲೆ ಕ್ರಮ 5, ಎಕ್ಕ, 6, 2, 7, 3, 8, 4. ಎರಡನೆಯದಾದ ಮೇಲೆ 5, 7, ಎಕ್ಕ, 3, 6, 8, 2, 4. ಮೂರನೆಯದಾದ ಮೇಲೆ 6, 5, 8, 7, 2, ಎಕ್ಕ, 4, 3. ಆರು ಮೇಲೆ ಬಂತು. ಜೊತೆಗೆ, ಆರು ಬಿಟ್ಟುಬಂದ ಜಾಗದಲ್ಲೇ ಎಕ್ಕ ಹೋಗಿ ಕೂತಿದೆ. ಕಳಿಸುವ ಪ್ರೋಗ್ರಾಮೂ ಕರೆಸುವ ಪ್ರೋಗ್ರಾಮೂ ಒಂದೇ.

ಇದು ಹೀಗಾಗುವುದು ಎಂಟು ಎರಡರ ಘಾತವಾದ್ದರಿಂದ. 16, 32, 64 ಎಲೆಗಳಿದ್ದರೂ ಹೀಗೇ. ಕಂಪ್ಯೂಟರಿನ ಲೋಕದಲ್ಲಿ ಎಣಿಕೆಗಳು ಸಾಮಾನ್ಯವಾಗಿ ಎರಡರ ಘಾತಗಳೇ ಆಗಿರುವುದರಿಂದ ಈ ಶಫಲ್ ಅಲ್ಲಿ ಸಲೀಸಾಗಿ ಹೊಂದಿಕೊಂಡಿತು. ಹೆರಾಲ್ಡ್ ಸ್ಟೋನ್ 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಟ್ಟಿಗೆ ದುಡಿಯುವ ಅನೇಕ ಪ್ರೊಸೆಸರ್‌ಗಳ ನಡುವಿನ ತಂತಿಗಳನ್ನು ಈ ಶಫಲ್‌ನ ಮಾದರಿಯಲ್ಲೇ ಜೋಡಿಸಿದರೆ ಫೂರಿಯರ್ ರೂಪಾಂತರ, ವಿಂಗಡಣೆಯಂಥ ಲೆಕ್ಕಗಳು ಬೇಗ ಮುಗಿಯುತ್ತವೆ ಎಂದು ತೋರಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಆಹೋ, ಉಲ್‌ಮನ್ ಮತ್ತು ಸ್ಟೋನ್, ಒಳಗಿನ ಮಾಹಿತಿ ಸದಾ ಸುತ್ತುತ್ತಲೇ ಇರುವ ಮೆಮೊರಿಗಳಿಗೆ ಇಂಥದ್ದೇ ದಾರಿ ಕಂಡುಕೊಂಡರು: ಬೇಕಾದ ಮಾಹಿತಿಯ ವಿಳಾಸದಲ್ಲಿರುವ ಒಂದು-ಸೊನ್ನೆಗಳ ಪ್ರಕಾರ ಎರಡು ಬಗೆಯಲ್ಲಿ ಕಲೆಸುತ್ತ ಅದನ್ನು ಓದುವ ಬಾಗಿಲಿಗೆ ತರುವುದು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಇಸ್ಪೀಟು ಕಲೆಸುವುದರ ಗಣಿತದ ಮೇಲೆ ಪಿಎಚ್.ಡಿ. ಪಡೆದ ಬ್ರೆಂಟ್ ಮಾರಿಸ್, ಜಾದೂವನ್ನೂ ಈ ಮೆಮೊರಿಗಳನ್ನೂ ಒಟ್ಟಿಗೆ ವಿವರಿಸುವ ಪುಸ್ತಕವನ್ನೇ 1998ರಲ್ಲಿ ತಂದರು.

52 ಮಾತ್ರ ಎರಡರ ಘಾತವಲ್ಲ. ಅಲ್ಲಿಗೆ ತೊಡಕು ಬಂತು. ಎಂಟು ಎಲೆಗಳ ಉಪಾಯವನ್ನು ಇಡೀ ಕಟ್ಟಿನ ಮೇಲೆ ಹಾಕಿದರೆ ಎಲೆ ಮೇಲೆ ಬರುವ ಬದಲು ಇನ್ನೆಲ್ಲೋ ಹೋಗಿ ಸೇರುತ್ತದೆ. ಈ ಪ್ರಶ್ನೆಗೆ 'ಎಲ್ಮ್‌ಸ್ಲಿ ಸಮಸ್ಯೆ' ಎಂಬ ಹೆಸರೇ ಬಂತು.

ಅದನ್ನು ಬಿಡಿಸಿದವರಿಬ್ಬರೂ ಕೈಚಳಕದ ಜನವೇ. ಪರ್ಸಿ ಡಯಾಕೊನಿಸ್ ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು, ಹೆಸರಾಂತ ಜಾದೂಗಾರ ಡೈ ವರ್ನನ್ ಜೊತೆ ಊರೂರು ತಿರುಗಿದವರು. ಆಮೇಲೆ ಕಾಲೇಜು ಸೇರಿ, 1974ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದು, ಸಂಭವನೀಯತೆಯ ದೊಡ್ಡ ಗಣಿತಜ್ಞರಾದರು. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾನ್ ಗ್ರಹಾಂ ಚೆಂಡುಗಳನ್ನು ಗಾಳಿಯಲ್ಲಿ ಎಸೆದಾಡಿಸುವ ಜಗ್ಲಿಂಗ್‌ನಲ್ಲಿ ಎಷ್ಟು ಪಳಗಿದವರೆಂದರೆ, ಅದರ ಅಂತರರಾಷ್ಟ್ರೀಯ ಸಂಘಕ್ಕೆ ಅಧ್ಯಕ್ಷರೂ ಆಗಿದ್ದರು. ಇವರಿಬ್ಬರೂ ವಿಲಿಯಂ ಕ್ಯಾಂಟರ್ ಜೊತೆ 1983ರಲ್ಲಿ, ಇನ್ ಮತ್ತು ಔಟ್‌ಗಳಿಂದ ಯಾವ ಯಾವ ಜೋಡಣೆಗಳನ್ನು ತಲುಪಬಹುದು ಎಂಬುದನ್ನು ಪೂರ್ತಿ ಲೆಕ್ಕ ಹಾಕಿದ್ದರು. ಅದರಲ್ಲಿ 24 ಎಲೆಗಳ ಕಟ್ಟು ಒಂದು ವಿಚಿತ್ರ ಅಪವಾದವಾಗಿ ಎದ್ದು ಬಂತು: ಅಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಎಮಿಲ್ ಮ್ಯಾಥ್ಯೂ ಕಂಡುಹಿಡಿದ ಅಪರೂಪದ ಗಣಿತ ರಚನೆಯೊಂದು ಅಡಗಿತ್ತು. ಯಾವ ಜೋಡಣೆ ಸಾಧ್ಯ ಎಂಬುದು ಇದರಿಂದ ತಿಳಿಯಿತು. ಆದರೆ ಒಂದು ಎಲೆಯನ್ನು ಚುರುಕಾಗಿ ಮೇಲೆ ತರುವ ಸೂತ್ರ ಇದರಲ್ಲಿರಲಿಲ್ಲ.

ಸೂತ್ರ ಅಚ್ಚಾದದ್ದು 2007ರ ಫೆಬ್ರವರಿಯಲ್ಲಿ, 'ಮ್ಯಾಥ್ ಹೊರೈಜನ್ಸ್' ಪತ್ರಿಕೆಯಲ್ಲಿ. ಎಲ್ಮ್‌ಸ್ಲಿ 2006ರ ಜನವರಿಯಲ್ಲಿ ತೀರಿಕೊಂಡಿದ್ದರು.

ವಿಧಾನ ಹೀಗಿದೆ. ಬೇಕಾದ ಎಲೆಯ ಮೇಲೆ 10 ಎಲೆಗಳಿವೆ ಎನ್ನಿ. ಅದನ್ನು 64ರಿಂದ ಗುಣಿಸಿ 52ರಿಂದ ಭಾಗಿಸಿ. ಅಂದರೆ 52ರ ಕಟ್ಟಿನಲ್ಲಿರುವ ಜಾಗವನ್ನು, ಅದಕ್ಕಿಂತ ಮೇಲಿನ ಎರಡರ ಘಾತಕ್ಕೆ ಹಿಗ್ಗಿಸಿದಂತೆ. 12 ಚಿಲ್ಲರೆ ಬಂತು, ಮುಂದಿನ ಪೂರ್ಣಸಂಖ್ಯೆ 13 ಇಟ್ಟುಕೊಳ್ಳಿ. ಹೀಗೆ ಹೆಚ್ಚಿಸಿದ್ದರಿಂದ ಆದ ವ್ಯತ್ಯಾಸ ಎಷ್ಟು? 13ನ್ನು 52ರಿಂದ ಗುಣಿಸಿದರೆ 676, ಅದರಿಂದ 640 ಕಳೆದರೆ 36. ಈಗ ಎರಡನ್ನೂ ಆರಂಕಿಯ ದ್ವಿಮಾನದಲ್ಲಿ ಒಂದರ ಕೆಳಗೊಂದು ಬರೆಯಿರಿ: 13 ಎಂದರೆ 001101, 36 ಎಂದರೆ 100100. ಮೇಲಿನ ಅಂಕಿಯೂ ಕೆಳಗಿನ ಅಂಕಿಯೂ ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಹಾಕಿದರೆ 101001. ಇನ್, ಔಟ್, ಇನ್, ಔಟ್, ಔಟ್, ಇನ್. ನಮ್ಮ ಎಲೆ 10ರಿಂದ 21ಕ್ಕೆ, 42ಕ್ಕೆ, 32ಕ್ಕೆ, 13ಕ್ಕೆ, 26ಕ್ಕೆ ಹೋಗಿ, ಕೊನೆಯ ಶಫಲ್‌ಗೆ ಸೊನ್ನೆಗೆ, ಅಂದರೆ ಕಟ್ಟಿನ ಮೇಲಕ್ಕೆ ಬರುತ್ತದೆ.

ಆ ಎಲೆಯ ಓಡಾಟವನ್ನೇ ನೋಡಿ. ಮೇಲೆ ಬರಬೇಕಾದದ್ದು ಮೊದಲು ಕಟ್ಟಿನ ಬುಡದ ಕಡೆಗೆ ಇಳಿಯುತ್ತದೆ, ಆಮೇಲೆ ಏರುತ್ತದೆ, ಮತ್ತೆ ನಡುವಿಗೆ ಜಾರುತ್ತದೆ. ನಡುವೆ ಯಾವ ಹಂತದಲ್ಲಿ ನಿಲ್ಲಿಸಿ ಇಣುಕಿದರೂ ಅದು ಗುರಿಯತ್ತ ಹೋಗುತ್ತಿದೆ ಎಂಬ ಸೂಚನೆ ಸಿಗದು. ಪ್ರತಿ ಶಫಲ್‌ಗೂ ಎಲೆ ಇನ್ನಷ್ಟು ಕಳೆದುಹೋಗುತ್ತಿದೆ ಎಂದು ಪ್ರೇಕ್ಷಕ ಭಾವಿಸುತ್ತಾನೆ. ಪ್ರತಿ ಶಫಲ್ ಒಂದೊಂದು ಅಂಕಿಯನ್ನು ಓದಿ ಮುಗಿಸುತ್ತಿರುತ್ತದೆ. ಸೂತ್ರ ಸಿಕ್ಕ ಮೇಲೆ ಜಾದೂಗಾರನ ಪಾಲಿಗೆ ಉಳಿದದ್ದು ಎರಡು ಕೆಲಸ: ಮಾತಾಡುತ್ತಲೇ 64ರ ಗುಣಾಕಾರ, 52ರ ಭಾಗಾಕಾರವನ್ನು ಮನಸ್ಸಿನಲ್ಲೇ ಮುಗಿಸುವುದು, ಆರು ಸಲವೂ 26ರಲ್ಲೇ ಕಟ್ಟನ್ನು ಮುರಿದು ಒಂದೂ ತಪ್ಪದಂತೆ ಹೆಣೆಯುವುದು. ಎಲ್ಲಾದರೂ ಎರಡು ಎಲೆ ಒಟ್ಟಿಗೆ ಜಾರಿದರೆ ಪ್ರೋಗ್ರಾಂ ಕೆಟ್ಟಂತೆಯೇ ಸರಿ. ಆಫೀಸಿನಲ್ಲಿ ಕೂತ ಪ್ರೋಗ್ರಾಮರ್ ಆಗಿದ್ದರೆ ತಪ್ಪನ್ನು ಹುಡುಕಿ, ತಿದ್ದಿ ಮತ್ತೆ ಓಡಿಸಬಹುದು. ಜಾದೂಗಾರನಿಗೆ ವೇದಿಕೆಯ ಮೇಲೆ ಆ ಅವಕಾಶ ಇಲ್ಲ.